ತಂತ್ರಾಂಶದಲ್ಲಿ ಲೋಪವೂ ಆದೇಶವೂ

ಇದ್ದ ಅಕ್ಷರವು ಹೋಗುವುದು ಲೋಪ; ಒಂದರ ಸ್ಥಾನದಲ್ಲಿ ಮತ್ತೊಂದು ಬರುವುದು ಆದೇಶ. 'ಮಳೆಗಾಲ' ಎಂಬಲ್ಲಿ ಗಕಾರವು ಬಂದಮೇಲೆ ಕಕಾರವು ನಿಲ್ಲತಕ್ಕುದಲ್ಲ. ವೈಯಾಕರಣರ ಈ ವಿವೇಚನೆಯು ಗಣಕದ ತಂತ್ರಾಂಶವನ್ನು ಪುನಾರಚಿಸುವವರಿಗೂ ಅವಶ್ಯವಾದುದು. ತಂತ್ರಾಂಶದ ಯಾವ ಭಾಗವು ನಡೆಯಬೇಕು, ಯಾವುದು ನಡೆಯಬಾರದು ಎಂದು ಹೊರಗಿನಿಂದ ತಿಳಿಸುವ ಸಂಕೇತಗಳಿಗೆ ಸೆಟ್ಟಿಂಗುಗಳೆಂದು ಹೆಸರು. ಬಳಕೆ ತಪ್ಪಿದ ಸೆಟ್ಟಿಂಗೊಂದು ಸುಮ್ಮನೆ ಬಿದ್ದಿದ್ದರೆ ಹಾನಿಯೇನೆಂಬ ಶಂಕೆಗೆ, ಅಮೆರಿಕೆಯಲ್ಲಿ ಷೇರು ವ್ಯಾಪಾರ ನಡೆಸುತ್ತಿದ್ದ ನೈಟ್ ಕ್ಯಾಪಿಟಲ್ ಸಂಸ್ಥೆಯ ವೃತ್ತಾಂತವೇ ಸಮಾಧಾನ.

ಆ ಸಂಸ್ಥೆಯು 'ಪವರ್ ಪೆಗ್' ಎಂಬ ಭಾಗದ ಬಳಕೆಯನ್ನು 2003ರಲ್ಲಿ ನಿಲ್ಲಿಸಿತು. ಆದರೆ ಅದನ್ನು ಅಳಿಸಲಿಲ್ಲ. ಕೇಳಿದಷ್ಟು ಷೇರುಗಳು ದೊರೆತುವೇ ಎಂದು ಎಣಿಸುವ ಅಂಗವನ್ನು 2005ರಲ್ಲಿ ಬೇರೆಡೆಗೆ ಸರಿಸಿದರು. ಅದರಿಂದ ಪವರ್ ಪೆಗ್‌ಗೆ ಏನಾಯಿತೆಂದು ಪರೀಕ್ಷಿಸಿದವರಿಲ್ಲ. 2012ರಲ್ಲಿ ಹೊಸ ಭಾಗವೊಂದನ್ನು ರಚಿಸಿದಾಗ, ಪವರ್ ಪೆಗ್ಗನ್ನು ಎಬ್ಬಿಸುತ್ತಿದ್ದ ಸಂಕೇತವನ್ನೇ ಅದಕ್ಕೆ ಕೊಟ್ಟರು. ಹೊಸದೊಂದು ಸಂಕೇತವನ್ನು ಕಲ್ಪಿಸಿಕೊಳ್ಳುವುದಕ್ಕೆ ಎಷ್ಟು ಶ್ರಮವಾಗುತ್ತಿತ್ತು! ಹೊಸ ಪಾಠವು ಎಂಟು ಸರ್ವರುಗಳ ಪೈಕಿ ಏಳಕ್ಕೆ ಮಾತ್ರ ಸೇರಿತು. ಒಂದೇ ಗ್ರಂಥದ ಎಂಟು ಪ್ರತಿಗಳಲ್ಲಿ ಏಳನ್ನು ತಿದ್ದಿ ಎಂಟನೆಯದನ್ನು ಮರೆತಂತಾಯಿತು.

ಆಗಸ್ಟ್ 1ರಂದು ಪೇಟೆ ತೆರೆಯುವ ಮುನ್ನವೇ ಪವರ್ ಪೆಗ್ಗನ್ನು ಹೆಸರಿಸಿದ 97 ಮಿಂಚಂಚೆಗಳನ್ನು ಯಂತ್ರವು ಕಳುಹಿಸಿದ್ದಿತು. ಅವುಗಳ ಅರ್ಥವನ್ನು ಯಾರೂ ವಿಚಾರಿಸಲಿಲ್ಲ. ಪೇಟೆ ತೆರೆದೊಡನೆ ಎಂಟನೆಯ ಸರ್ವರು ಆ ಸಂಕೇತಕ್ಕೆ ಒಂಬತ್ತು ವರ್ಷಗಳ ಹಿಂದಿನ ಅರ್ಥವನ್ನೇ ಮಾಡಿತು. ಎಣಿಸುವ ಅಂಗದ ಸಂಬಂಧ ತಪ್ಪಿದ್ದುದರಿಂದ, ಕೇವಲ 212 ಬೇಡಿಕೆಗಳನ್ನು ಪೂರೈಸಹೊರಟ ತಂತ್ರಾಂಶವು ಸುಮಾರು 45 ನಿಮಿಷಗಳಲ್ಲಿ 40 ಲಕ್ಷ ವ್ಯವಹಾರಗಳನ್ನು ನಡೆಸಿಬಿಟ್ಟಿತು. ದೋಷವು ಹೊಸ ಪಾಠದಲ್ಲಿರಬಹುದೆಂದು ಊಹಿಸಿ ಅದನ್ನು ಉಳಿದ ಏಳರಿಂದಲೂ ತೆಗೆದುದರಿಂದ ಅಲ್ಲಿಯೂ ಹಳೆಯದೇ ಎಚ್ಚೆತ್ತಿತು. ನಷ್ಟವು 46 ಕೋಟಿ ಡಾಲರುಗಳಿಗೂ ಹೆಚ್ಚು; 2013ರಲ್ಲಿ ಸರಕಾರದ ಷೇರುಪೇಟೆ ನಿಯಂತ್ರಣ ಮಂಡಲಿಯು ವಿಧಿಸಿದ ದಂಡ 1.2 ಕೋಟಿ ಡಾಲರು.

ಇಲ್ಲಿ ಲೋಪವಾಗದೆಯೇ ಆದೇಶವಾಯಿತು. ಶುದ್ಧವಾದ ಲೋಪಕ್ಕೆ ಒಂದು ಕ್ರಮವುಂಟು. ಸೆಟ್ಟಿಂಗನ್ನು ಬರೆಯುವವರಾರೆಂಬುದಕ್ಕಿಂತ ಅದನ್ನು ಓದುವ ಭಾಗಗಳಾವುವೆಂಬುದನ್ನು ಮೊದಲು ಹುಡುಕಬೇಕು. ಓದುವ ಭಾಗವನ್ನು ಉಳಿಸಿ ಸೆಟ್ಟಿಂಗನ್ನು ಮಾತ್ರ ಅಳಿಸಿದರೆ, ತಂತ್ರಾಂಶವು ತನ್ನೊಳಗಿನ ಮೂಲ ಬೆಲೆಯನ್ನು ಹಿಡಿದು ನಡೆಯುವುದು. ಅದು ಬಳಕೆಯಲ್ಲಿದ್ದ ಬೆಲೆಯೇ ಆಗಿರಬೇಕೆಂಬ ನಿಯಮವಿಲ್ಲ. ಆದುದರಿಂದ ಓದುವ ಭಾಗವು ಮೊದಲು ಎಲ್ಲ ಪ್ರತಿಗಳಿಂದಲೂ ಹೋಗಬೇಕು, ಆಮೇಲೆ ಸೆಟ್ಟಿಂಗು. ತರುವಾಯ ಎಲ್ಲಿಯಾದರೂ ಆ ಹೆಸರು ಕಂಡುಬಂದರೆ ತಂತ್ರಾಂಶವು ಮೌನವಾಗಿ ಮುಂದುವರಿಯದೆ ನಿಲ್ಲುವಂತಿರಬೇಕು.

ಹೆಸರಿನ ವಿಷಯವೇ ಬೇರೆ. ಅದನ್ನು ಇನ್ನೊಂದಕ್ಕೆ ಕೊಡಲಾಗದು. ಗಣಕಗಳ ನಡುವೆ ಮಾಹಿತಿಯನ್ನು ಸಾಗಿಸಲು ಗೂಗಲ್ ಸಂಸ್ಥೆಯವರು ರೂಪಿಸಿದ ಪ್ರೋಟೊಕಾಲ್ ಬಫರ್ಸ್ ಎಂಬ ಪದ್ಧತಿಯಲ್ಲಿ, ತೆಗೆದುಹಾಕಿದ ಅಂಶದ ಹೆಸರನ್ನೂ ಸಂಖ್ಯೆಯನ್ನೂ 'ರಿಸರ್ವ್ಡ್' ಎಂದು ಬರೆದಿಡುವ ಏರ್ಪಾಡಿದೆ. ಮುಂದೆ ಯಾರಾದರೂ ಅವನ್ನು ಮತ್ತೊಂದಕ್ಕೆ ಬಳಸಹೋದರೆ ಕಂಪೈಲರು ಒಪ್ಪುವುದಿಲ್ಲ.