ಗಲ್ಲಿಗೆ ಬಂತು ಮಿನಿ ಹಿಟಾಚಿ: ಪಾಯ ತೋಡಿಸೋ ಮೊದಲು ಪಕ್ಕದ ಮನೆ ಗೋಡೆ ನೋಡಿ

ತಿಪಟೂರು: ಹಳೇ ಪೇಟೆಯೊಳಗೆ ಮನೆ ಕೆಡವಿ ಹೊಸದು ಕಟ್ಟೋರಿಗೆ ಮೊದಲ ತಲೆನೋವು ಪಾಯದ್ದೇ. ಸೈಟು 20×30, ಮೂರು ಕಡೆ ಬೇರೆಯವರ ಗೋಡೆ, ಎದುರಿಗೆ ಎಂಟು ಅಡಿ ಗಲ್ಲಿ. ಜೆಸಿಬಿ ಹೇಗೋ ನುಗ್ಗಿದರೂ ಒಳಗೆ ತಿರುಗೋಕೆ ಜಾಗ ಇರಲ್ಲ. ಆಳು ಹಚ್ಚಿ ತೋಡಿಸೋಣ ಅಂದ್ರೆ ಕೂಲಿಯವರು ಸಿಗೋದೇ ಕಷ್ಟ, ಸಿಕ್ಕರೂ ದಿನಗಟ್ಟಲೆ ಹಿಡಿಯುತ್ತೆ. ಹಾಗಾಗಿ ಮೇಸ್ತ್ರಿಗಳ ಬಾಯಲ್ಲಿ ಈಗ ಒಂದೇ ಮಾತು, ‘ಮಿನಿ ಹಿಟಾಚಿ ತರಿಸಿಬಿಡಿ’.

ನಮ್ಮ ಕಡೆ ಟಯರ್ ಇರೋ ಹಳದಿ ಗಾಡಿ ಯಾವ ಕಂಪನಿಯದಾದರೂ ಅದು ಜೆಸಿಬಿ, ಚೈನ್ ಇರೋದು ಯಾವುದಾದರೂ ಹಿಟಾಚಿ. ಎರಡೂ ಕಂಪನಿ ಹೆಸರುಗಳು. ಈ ಸಣ್ಣ ಮಷಿನ್ ಅನ್ನು ಜೆಸಿಬಿ ಕಂಪನಿಯೂ ಮಾಡುತ್ತೆ, ಜಪಾನಿನ ಕುಬೋಟಾದಂಥ ಕಂಪನಿಗಳೂ ಮಾಡುತ್ತವೆ. ಹೆಸರಿಗಿಂತ ಅಳತೆ ಮುಖ್ಯ. ಮಾಮೂಲಿ ಜೆಸಿಬಿ ಏಳು ಅಡಿಗೂ ಹೆಚ್ಚು ಅಗಲ, ತೂಕ ಏಳೂವರೆ ಟನ್ ಆಸುಪಾಸು. ಮಿನಿಯಲ್ಲಿ 3 ಟನ್ನಿನ ಮಷಿನ್ ಐದು ಅಡಿ ಚಿಲ್ಲರೆ ಅಗಲ ಇರುತ್ತೆ, ಸುಮಾರು 9 ಅಡಿ ಆಳ ತೋಡುತ್ತೆ. ಒಂದೂವರೆ, ಎರಡು ಟನ್ನಿನದು ಇನ್ನೂ ಸಣ್ಣದು. ಕೆಲವು ಮಾಡೆಲ್‌ಗಳಲ್ಲಿ ಚೈನ್ ಒಳಕ್ಕೆ ಎಳೆದುಕೊಂಡು ಮೂರೂಕಾಲು ಅಡಿ ಸಂದಿಯಲ್ಲಿ ನುಗ್ಗಿ, ಒಳಗೆ ಹೋದ ಮೇಲೆ ಅಗಲ ಮಾಡ್ಕೊಳ್ಳುತ್ತೆ. ಚೈನ್ ರಬ್ಬರಿನದು, ಸಿಮೆಂಟ್ ರಸ್ತೆ ಅಷ್ಟಾಗಿ ಹಾಳಾಗಲ್ಲ.

ಇನ್ನೊಂದು ಅನುಕೂಲ ಇದೆ. ಜೆಸಿಬಿಯ ಹಿಂದಿನ ಕೈ ಅರ್ಧ ಸುತ್ತು ಮಾತ್ರ ತಿರುಗುತ್ತೆ, ಮಿನಿ ನಿಂತಲ್ಲೇ ಪೂರ್ತಿ ಸುತ್ತುತ್ತೆ. ಅದರ ಕೈ ಬುಡದಲ್ಲೇ ಎಡಕ್ಕೆ ಬಲಕ್ಕೆ ವಾಲೋದರಿಂದ ಗೋಡೆ ಪಕ್ಕದಲ್ಲೇ ನೆಟ್ಟಗೆ ಚರಂಡಿ ಹೊಡೆದ ಹಾಗೆ ತೋಡಬಹುದು.

ಅಪಾಯ ಇರೋದೂ ಇಲ್ಲೇ. ಜೆಸಿಬಿಗೆ ಗೋಡೆ ಹತ್ತಿರ ಹೋಗೋಕೇ ಆಗ್ತಿರಲಿಲ್ಲ. ಕೈಯಲ್ಲಿ ತೋಡೋರು ದಿನಕ್ಕೆ ಒಂದೋ ಎರಡೋ ಗುಂಡಿ ತೆಗೀತಿದ್ರು, ಮಣ್ಣು ಸಡಿಲ ಅನ್ನಿಸಿದರೆ ಅವರಿಗೇ ಗೊತ್ತಾಗ್ತಿತ್ತು. ಮಿನಿ ಬಂದರೆ ಮಧ್ಯಾಹ್ನದ ಊಟದ ಹೊತ್ತಿಗೆ ಪಕ್ಕದ ಮನೆಯ ಉದ್ದಕ್ಕೂ ಐದಡಿ ಆಳ ತೆರೆದುಕೊಂಡಿರುತ್ತೆ. ಆ ಪಕ್ಕದ ಮನೆಯೋ ಮಣ್ಣಿನ ಗೋಡೆ, ಮಂಗಳೂರು ಹೆಂಚು, ಕಲ್ಲಿನ ಪಾಯ. ಪಾಯ ಅಂದರೂ ಎರಡು ಮೂರು ಅಡಿ ಇದ್ದರೆ ದೊಡ್ಡದು.

ಲೆಕ್ಕ ಸರಳ. ಗೋಡೆಯ ಭಾರ ಪಾಯದಿಂದ ನೇರ ಕೆಳಕ್ಕಷ್ಟೇ ಇಳಿಯಲ್ಲ, ಓರೆಯಾಗಿ ಅಕ್ಕಪಕ್ಕಕ್ಕೂ ಹರಡುತ್ತೆ. ಆ ಓರೆಯೊಳಗಿನ ಮಣ್ಣು ತೆಗೆದರೆ ಗೋಡೆಗೆ ಆಸರೆ ಹೋಯ್ತು. ಪಾಯದ ಬಗ್ಗೆ ಇರುವ ಭಾರತೀಯ ಮಾನಕ ಐಎಸ್ 1904 ಪ್ರಕಾರ, ಅಕ್ಕಪಕ್ಕದ ಎರಡು ಪಾಯಗಳ ತಳ ಬೇರೆ ಬೇರೆ ಆಳದಲ್ಲಿದ್ದರೆ ಒಂದು ಅಡಿ ಆಳದ ವ್ಯತ್ಯಾಸಕ್ಕೆ ಎರಡು ಅಡಿ ಅಂತರ ಬೇಕು. ಪಕ್ಕದವರ ಪಾಯ 3 ಅಡಿ, ನಿಮ್ಮ ಗುಂಡಿ 5 ಅಡಿ ಅಂದ್ರೆ 4 ಅಡಿ ಬಿಟ್ಟು ತೋಡಬೇಕು. 20 ಅಡಿ ಸೈಟಿನಲ್ಲಿ ಎರಡೂ ಕಡೆ ನಾಲ್ಕು ನಾಲ್ಕು ಅಡಿ ಬಿಟ್ಟರೆ ಉಳಿಯೋದೇನು ಅಂತ ನೀವು ಕೇಳಬಹುದು. ನಿಜ. ಅದಕ್ಕೇ ಇಂಥ ಸೈಟಿಗೆ ಎಂಜಿನಿಯರ್ ಬೇಕು. ಗಡಿಯ ಕಾಲಂ ಒಳಕ್ಕೆ ಸರಿಸಿ ಸ್ಟ್ರಾಪ್ ಬೀಮ್ ಕೊಡೋದೋ, ಪಕ್ಕದ ಪಾಯಕ್ಕಿಂತ ಕೆಳಗೆ ಇಳಿಯದೆ ಅಗಲ ಜಾಸ್ತಿ ಮಾಡೋದೋ ಅವರು ಹೇಳಬೇಕು. ಮಷಿನ್ ಬಂದು ನಿಂತ ಮೇಲೆ ಆಪರೇಟರ್ ಹತ್ರ ಕೇಳೋ ಪ್ರಶ್ನೆ ಅಲ್ಲ ಇದು. ಕೇಳಿದರೆ ಬರೋ ಉತ್ತರವೂ ಗೊತ್ತು: ‘ಏನಾಗಲ್ಲ ಸಾರ್, ದಿನಾ ಮಾಡೋ ಕೆಲಸ’.

ಗಡಿಯಲ್ಲಿ ತೋಡಲೇಬೇಕು ಅಂದ್ರೆ ಉದ್ದಕ್ಕೂ ಒಂದೇ ಸಲ ತೆರೆಯಬಾರದು. ನಾಲ್ಕಡಿ ತೋಡಿ, ನಾಲ್ಕಡಿ ಮಣ್ಣು ಹಾಗೇ ಬಿಟ್ಟು, ಮುಂದಿನ ನಾಲ್ಕಡಿ ತೋಡಬೇಕು. ತೋಡಿದ್ದಕ್ಕೆ ಕಾಂಕ್ರೀಟ್ ಬಿದ್ದು ಗಟ್ಟಿಯಾದ ಮೇಲೆ ನಡುವಿನದು. ಇದರಿಂದ ಮಷಿನ್ ಎರಡು ಮೂರು ಸಲ ಕರೆಸಬೇಕಾಗುತ್ತೆ, ಖರ್ಚು ಜಾಸ್ತಿ. ಆದರೆ ಪಕ್ಕದ ಮನೆ ಗೋಡೆ ಮತ್ತೆ ಕಟ್ಟಿಸಿಕೊಡೋದಕ್ಕಿಂತ ಕಮ್ಮಿ. ಮಳೆಗಾಲದಲ್ಲಂತೂ ರಾತ್ರಿ ಗುಂಡಿ ತೆರೆದಿಟ್ಟು ಮಲಗಬೇಡಿ.

ಕಾನೂನು ಏನು ಹೇಳುತ್ತೆ? 1882ರ ಈಸ್‌ಮೆಂಟ್ ಕಾಯ್ದೆಯ 7ನೇ ಸೆಕ್ಷನ್‌ನಲ್ಲೇ ಇದೆ, ಒಬ್ಬರ ಜಮೀನಿಗೆ ಪಕ್ಕದ ಜಮೀನಿನ ಮಣ್ಣು ಸಹಜವಾಗಿ ಕೊಡೋ ಆಸರೆ ಅವರ ಹಕ್ಕು. ಇದು ಬರೀ ನೆಲದ ಮಾತು, ಮೇಲೆ ಕಟ್ಟಿದ ಮನೆಯ ಭಾರಕ್ಕೆ ಹಾಗೇ ಅನ್ವಯಿಸಲ್ಲ. ಆದರೆ 15ನೇ ಸೆಕ್ಷನ್ ಪ್ರಕಾರ 20 ವರ್ಷ ತಕರಾರಿಲ್ಲದೆ ಆ ಆಸರೆ ಪಡೆದಿದ್ದರೆ ಕಟ್ಟಡಕ್ಕೂ ಹಕ್ಕು ಬರುತ್ತೆ. ನಮ್ಮ ಹಳೇ ಪೇಟೆಯ ಮನೆಗಳಲ್ಲಿ 20 ವರ್ಷ ಆಗದೇ ಇರೋದು ಎಷ್ಟಿವೆ? ‘ನನ್ನ ಸೈಟು, ನನ್ನಿಷ್ಟ’ ಅನ್ನೋ ಮಾತು ನಡೆಯಲ್ಲ.

ಜಗಳ ತಪ್ಪಿಸೋಕೆ ಒಂದು ಉಪಾಯ. ಕೆಲಸ ಶುರುವಿಗೆ ಮೊದಲು ಪಕ್ಕದವರನ್ನೇ ಕರೆದು, ಅವರ ಗೋಡೆಯಲ್ಲಿ ಈಗಾಗಲೇ ಇರೋ ಬಿರುಕುಗಳ ಫೋಟೋ ತೆಗೆದು ಇಬ್ಬರ ಫೋನಿನಲ್ಲೂ ಇಟ್ಕೊಳ್ಳಿ. ಹಳೇ ಬಿರುಕಿನ ಮೇಲೆ ಸಣ್ಣದಾಗಿ ಸಿಮೆಂಟ್ ಪಟ್ಟಿ ಹಚ್ಚಿ ತಾರೀಖು ಬರೆಯಿರಿ. ಪಟ್ಟಿ ಒಣಗಿ ಗಟ್ಟಿಯಾದ ಮೇಲೆ ತೋಡೋವಾಗ ಸೀಳಿತು ಅಂದ್ರೆ ಗೋಡೆ ಅಲುಗಾಡ್ತಿದೆ ಅಂತ ಅರ್ಥ. ಕೂಡಲೇ ಕೆಲಸ ನಿಲ್ಲಿಸಿ.

ಗುಂಡಿಗೆ ಇಳಿಯೋರ ವಿಷಯ ಇನ್ನೂ ದೊಡ್ಡದು. ಒಂದು ಘನ ಮೀಟರ್ ಮಣ್ಣು ಒಂದೂವರೆ ಟನ್ನಿಗೂ ಹೆಚ್ಚು ತೂಗುತ್ತೆ, ಅಂದ್ರೆ ಎರಡು ಆಲ್ಟೊ ಕಾರಿನಷ್ಟು. ಎದೆಮಟ್ಟ ಮಣ್ಣು ಕುಸಿದರೂ ಉಸಿರಾಡೋಕೆ ಆಗಲ್ಲ. ಒಂದೂವರೆ ಮೀಟರ್, ಅಂದ್ರೆ ಐದು ಅಡಿ ದಾಟಿದ ಕಾಲುವೆ ಗುಂಡಿಗೆ ಗಟ್ಟಿ ಬಂಡೆ ಬಿಟ್ಟು ಬೇರೆ ಯಾವ ಮಣ್ಣಾದರೂ ಹಲಗೆ ಆಸರೆ ಕೊಡಲೇಬೇಕು ಅಂತ ಐಎಸ್ 3764 ಹೇಳುತ್ತೆ. ಸಂಪು, ಒಳಚರಂಡಿ ಲೈನು ತೋಡೋವಾಗ ಇದನ್ನ ಯಾರೂ ಮಾಡಲ್ಲ. ತೆಗೆದ ಮಣ್ಣನ್ನೂ ಗುಂಡಿಯ ಅಂಚಿಗೇ ರಾಶಿ ಹಾಕ್ತಾರೆ. ಕೇಂದ್ರ ಲೋಕೋಪಯೋಗಿ ಇಲಾಖೆಯ ನಿಯಮದಲ್ಲಿ ಆ ರಾಶಿ ಅಂಚಿನಿಂದ ಒಂದೂವರೆ ಮೀಟರ್ ಅಥವಾ ಗುಂಡಿಯ ಅರ್ಧ ಆಳ, ಯಾವುದು ಹೆಚ್ಚೋ ಅಷ್ಟು ದೂರ ಇರಬೇಕು.

ಹಾಗಾದ್ರೆ ಸಣ್ಣ ಸೈಟಿನಲ್ಲಿ ಮಣ್ಣು ಎಲ್ಲಿಡೋದು? 4×4 ಅಗಲ, 5 ಅಡಿ ಆಳದ ಒಂಬತ್ತು ಕಾಲಂ ಗುಂಡಿ ಅಂದ್ರೆ 720 ಘನ ಅಡಿ, ಸುಮಾರು 35 ಟನ್. ತೋಡಿದ ಮಣ್ಣು ಅರಳಿ 900 ಘನ ಅಡಿ ಆಗುತ್ತೆ. ನೂರು ಅಡಿ ಹಿಡಿಯೋ ಟ್ರ್ಯಾಕ್ಟರ್ ಟ್ರೈಲರ್‌ನಲ್ಲಿ ಒಂಬತ್ತು ಲೋಡು. ಗಲ್ಲಿಯೊಳಗೆ ಟ್ರ್ಯಾಕ್ಟರ್ ಬರದಿದ್ದರೆ ಬಾಂಡ್ಲಿಯಲ್ಲಿ ಹೊರಬೇಕು. ಬಾಂಡ್ಲಿಗೆ ಅರ್ಧ ಅಡಿ ಲೆಕ್ಕ ಹಿಡಿದರೂ 1800 ಬಾಂಡ್ಲಿ! ಮಷಿನ್ ಕೆಲಸ ಅರ್ಧ ದಿನದ್ದು, ಮಣ್ಣು ಸಾಗಿಸೋದು ಎರಡು ಮೂರು ದಿನದ್ದು. ಪಾಯ ಮುಚ್ಚೋಕೆ ಒಂದಷ್ಟು ಮಣ್ಣು ವಾಪಸ್ ಬೇಕು ಅನ್ನೋದೂ ನೆನಪಿರಲಿ. ಇದನ್ನ ಮೊದಲೇ ಯೋಚಿಸದವರು ಕೊನೆಗೆ ಎದುರಿನ ಅಂಗಡಿ ಬಾಗಿಲಿಗೆ ರಾಶಿ ಹಾಕಿ, ಒಂದು ಮಳೆಗೆ ಚರಂಡಿ ಕಟ್ಟಿಸಿ, ಬೀದಿಯವರ ಹತ್ರ ಬೈಸ್ಕೊಳ್ತಾರೆ.

ಮಷಿನ್ ಒಳಗೆ ಬಿಡೋ ಮೊದಲು ದಾರಿ ನೋಡಿ. ಚರಂಡಿ ಮೇಲಿನ ಚಪ್ಪಡಿ 3 ಟನ್ ತಡೆಯಲ್ಲ, ದಪ್ಪ ಕಬ್ಬಿಣದ ಪ್ಲೇಟ್ ಹಾಸಬೇಕು. ಹಳೇ ಮನೆ ಜಾಗದಲ್ಲಿ ಮುಚ್ಚಿಹೋದ ಕಕ್ಕಸು ಗುಂಡಿ, ಸಂಪು, ಕೆಲವು ಕಡೆ ಕಾಳು ತುಂಬೋ ಹಗೇವು ಕೂಡ ಇರುತ್ತೆ. ಮನೆಯ ಹಿರಿಯರನ್ನು ಕೇಳಿದರೆ ಎಲ್ಲಿತ್ತು ಅಂತ ತೋರಿಸ್ತಾರೆ. ತಲೆ ಮೇಲೆ ಬೆಸ್ಕಾಂ ಲೈನು ಇದ್ದರೆ ಮೊದಲು ಅವರಿಗೆ ಹೇಳಿ. ಅಂಗಡಿ ಶಟರ್ ಮೂಲಕ ಹಿತ್ತಲಿಗೆ ಮಷಿನ್ ಒಯ್ಯೋರು ಎತ್ತರವನ್ನೂ ಅಳೆಯಿರಿ, ಮೇಲಿನ ಚಾವಣಿ ಸೇರಿ ಎಂಟು ಅಡಿ ಹತ್ತಿರ ಇರುತ್ತೆ. ಮುಚ್ಚಿದ ಜಾಗದಲ್ಲಿ ಡೀಸೆಲ್ ಹೊಗೆ ನಿಂತರೆ ಪ್ರಾಣಕ್ಕೇ ಅಪಾಯ. ರಸ್ತೆ ಬದಿ ತೋಡೋದಾದರೆ ಕೇಂದ್ರ ಸರ್ಕಾರ 2023ರ ಮಾರ್ಚ್‌ನಲ್ಲಿ ತಂದ ‘ಕಾಲ್ ಬಿಫೋರ್ ಯು ಡಿಗ್’ ಆ್ಯಪ್ ಇದೆ, ಕೇಬಲ್ ಕಂಪನಿಗಳಿಗೆ ಮುಂಚೆ ತಿಳಿಸೋಕೆ. ನೀರಿನ ಪೈಪು ಎಲ್ಲಿದೆ ಅಂತ ನಗರಸಭೆಯ ನೀರು ಬಿಡೋರಿಗೆ ಗೊತ್ತಿರುತ್ತೆ.

ತೋಡೋದು ಯಾವಾಗಲೂ ಹಿಂದಿನಿಂದ ಬಾಗಿಲ ಕಡೆಗೆ. ಉಲ್ಟಾ ಮಾಡಿದರೆ ಮಷಿನ್ ಒಳಗೇ ಸಿಕ್ಕಿಹಾಕ್ಕೊಳ್ಳುತ್ತೆ. ಕೊನೆಯ ಅರ್ಧ ಅಡಿ ಕೈಯಲ್ಲೇ ತೆಗೆಸಿ, ಬಕೆಟ್ ಹಲ್ಲು ತಳದ ಮಣ್ಣನ್ನು ಸಡಿಲ ಮಾಡುತ್ತೆ. ಮಷಿನ್ ಸುತ್ತೋವಾಗ ಅದಕ್ಕೂ ಗೋಡೆಗೂ ನಡುವೆ ಯಾರೂ ನಿಲ್ಲಬಾರದು, ಮಕ್ಕಳನ್ನಂತೂ ನೋಡೋಕೂ ಬಿಡಬೇಡಿ.

ಬಾಡಿಗೆ ಗಂಟೆ ಲೆಕ್ಕ. ಮಿನಿಮಂ ಎಷ್ಟು ಗಂಟೆ, ಕ್ಯಾಂಟರ್‌ನಲ್ಲಿ ತಂದು ಇಳಿಸೋ ಚಾರ್ಜು ಯಾರದು, ಪೈಪು ಒಡೆದರೆ ಯಾರು ಕೊಡೋದು ಅಂತ ಮೊದಲೇ ವಾಟ್ಸ್‌ಆ್ಯಪ್‌ನಲ್ಲಾದರೂ ಬರೆಸಿಕೊಳ್ಳಿ. ಡ್ಯಾಶ್‌ಬೋರ್ಡಿನಲ್ಲಿ ಅವರ್ ಮೀಟರ್ ಇರುತ್ತೆ. ಶುರುವಿಗೊಂದು, ಮುಗಿದ ಮೇಲೊಂದು ಫೋಟೋ ತೆಗೆದಿಡಿ. ಎಂಜಿನ್ ಆನ್ ಇದ್ದಷ್ಟು ಹೊತ್ತೂ ಅದು ಓಡ್ತಾನೇ ಇರುತ್ತೆ, ಟ್ರ್ಯಾಕ್ಟರ್‌ಗೆ ಕಾಯೋವಾಗ ಆಫ್ ಮಾಡಿಸಿ.