ಸೋಲುವ ರಾಜನನ್ನೇ ಆರಿಸಿಕೊಳ್ಳುವವರು

1066ರ ಸೆಪ್ಟೆಂಬರ್ 15. ಇಂಗ್ಲೆಂಡಿನ ದೊರೆ ಹೆರಾಲ್ಡ್ ಗಾಡ್ವಿನ್‌ಸನ್ ಪಟ್ಟವೇರಿ ಒಂಬತ್ತು ತಿಂಗಳೂ ತುಂಬಿಲ್ಲ. ಉತ್ತರದಲ್ಲಿ ನಾರ್ವೆಯ ದೊರೆ ಹರಾಲ್ಡ್ ಹಾರ್ಡ್ರಾಡನ ದಂಡು, ದಕ್ಷಿಣದಲ್ಲಿ ಕಡಲಾಚೆ ನಾರ್ಮಂಡಿಯ ಡ್ಯೂಕ್ ವಿಲಿಯಂನ ಹಡಗುಗಳು. ಇಬ್ಬರ ಕಣ್ಣೂ ಒಂದೇ ಸಿಂಹಾಸನದ ಮೇಲೆ. ನಡೆದ ಇತಿಹಾಸದಲ್ಲಿ ಹೆರಾಲ್ಡ್ ಸೆಪ್ಟೆಂಬರ್ 25ರಂದು ಸ್ಟ್ಯಾಮ್‌ಫರ್ಡ್ ಬ್ರಿಜ್‌ನಲ್ಲಿ ನಾರ್ವೆಯವರನ್ನು ಸದೆಬಡಿದ. ದಣಿದ ಪಡೆಯನ್ನು ಕರೆದುಕೊಂಡು ದಕ್ಷಿಣಕ್ಕೆ ಧಾವಿಸಿದ. ಹತ್ತೊಂಬತ್ತೇ ದಿನಗಳ ನಂತರ ಹೇಸ್ಟಿಂಗ್ಸ್‌ನಲ್ಲಿ ಪ್ರಾಣ ಬಿಟ್ಟ.

‘ಕ್ರುಸೇಡರ್ ಕಿಂಗ್ಸ್ 3’ ಎಂಬ ವಿಡಿಯೊ ಗೇಮ್ ಆಟಗಾರನ ಮುಂದಿಡುವ ದಿನಾಂಕಗಳಲ್ಲಿ ಇದೂ ಒಂದು. ಪರದೆಯ ಮೇಲೆ ಐಸ್‌ಲ್ಯಾಂಡಿನಿಂದ ಭಾರತದಾಚೆಗೂ ಹರಡಿದ ಭೂಪಟವಿರುತ್ತದೆ. ಅದರಲ್ಲಿನ ಚಕ್ರವರ್ತಿಯಿಂದ ಹಿಡಿದು ನಾಲ್ಕು ಹಳ್ಳಿ ಆಳುವ ಕೌಂಟ್‌ವರೆಗೆ ಯಾರನ್ನು ಬೇಕಾದರೂ ಆರಿಸಿಕೊಳ್ಳಬಹುದು. ವಿಲಿಯಂ ಅಲ್ಲೇ ಇದ್ದಾನೆ, ಗೆಲ್ಲುವ ಎಲ್ಲ ಲಕ್ಷಣಗಳೊಂದಿಗೆ. ಆದರೂ ಪಳಗಿದ ಆಟಗಾರರಲ್ಲಿ ಬಹಳ ಮಂದಿ ಹೆರಾಲ್ಡ್‌ನ ಕಡೆಗೇ ವಾಲುತ್ತಾರೆ. ಆಟ ಶುರುವಾಗುವ ಹೊತ್ತಿಗೇ ಎರಡು ಯುದ್ಧಗಳು ಅವನ ತಲೆಯ ಮೇಲಿರುತ್ತವೆ. ಯಾವ ದಂಡನ್ನು ಮೊದಲು ಎದುರಿಸಬೇಕು, ಸೈನ್ಯವನ್ನು ಒಡೆಯಬೇಕೇ ಕೂಡಿಡಬೇಕೇ, ಬಾಡಿಗೆ ಪಡೆ ಕಟ್ಟಬೇಕೇ ಎಂಬುದನ್ನೆಲ್ಲ ಮೊದಲ ಕೆಲವು ನಿಮಿಷಗಳಲ್ಲೇ ತೀರ್ಮಾನಿಸಬೇಕು.

ಬಲಶಾಲಿಯನ್ನು ಬಿಟ್ಟು ದುರ್ಬಲನನ್ನು ಹುಡುಕಿಕೊಂಡು ಹೋಗುವ ಈ ಅಭ್ಯಾಸ ಒಮ್ಮೆಗೇ ಹುಟ್ಟಿದ್ದಲ್ಲ. ಅದರ ಹಿಂದೆ ಎರಡು ದಶಕಗಳ ಕಥೆಯಿದೆ.

ದೇಶವಲ್ಲ, ಮನುಷ್ಯ

ಸ್ವೀಡನ್ನಿನ ಸ್ಟಾಕ್‌ಹೋಮ್‌ನಲ್ಲಿರುವ ಪ್ಯಾರಡಾಕ್ಸ್ ಸಂಸ್ಥೆ 2000ದಲ್ಲಿ ‘ಯೂರೋಪಾ ಯೂನಿವರ್ಸಾಲಿಸ್’ ಎಂಬ ಆಟವನ್ನು ಹೊರತಂದಿತು. ಅದೇ ಹೆಸರಿನ ಫ್ರೆಂಚ್ ಬೋರ್ಡ್ ಗೇಮ್ ಅದರ ಮೂಲ. ಅದರಲ್ಲಿ ಆಟಗಾರ ಫ್ರಾನ್ಸ್ ಅಥವಾ ಸ್ಪೇನ್‌ನಂಥ ಒಂದು ದೇಶವಾಗಿರುತ್ತಿದ್ದ. ರಾಜರು ಬರುತ್ತಿದ್ದರು, ಹೋಗುತ್ತಿದ್ದರು, ದೇಶ ಉಳಿಯುತ್ತಿತ್ತು.

2004ರಲ್ಲಿ ಬಂದ ಮೊದಲ ‘ಕ್ರುಸೇಡರ್ ಕಿಂಗ್ಸ್’ ಈ ಲೆಕ್ಕವನ್ನು ತಲೆಕೆಳಗು ಮಾಡಿತು. ಮಾಸ್ಕೋದ ಸ್ನೋಬಾಲ್ ಎಂಬ ಸಂಸ್ಥೆ ಶುರುಮಾಡಿದ್ದ ಆ ಆಟವನ್ನು ಪ್ಯಾರಡಾಕ್ಸ್ ಕೈಗೆತ್ತಿಕೊಂಡು ಮುಗಿಸಿತು. ಇಲ್ಲಿ ಆಟಗಾರ ದೇಶವಲ್ಲ, ಒಬ್ಬ ಮನುಷ್ಯ. ಅವನಿಗೆ ವಯಸ್ಸಿದೆ, ಗುಣದೋಷಗಳಿವೆ, ಹೆಂಡತಿ ಮಕ್ಕಳಿದ್ದಾರೆ, ಹೊಂಚು ಹಾಕುವ ದಾಯಾದಿಗಳಿದ್ದಾರೆ. ಅವನು ಸತ್ತರೆ ಆಟ ಅವನ ವಾರಸುದಾರನ ಮೈಯೊಳಗೆ ಮುಂದುವರಿಯುತ್ತದೆ. ಆಳಲು ವಂಶದ ಕುಡಿಯೇ ಉಳಿಯದಿದ್ದರೆ ಆಟ ಮುಗಿದಂತೆ.

ಈ ಬದಲಾವಣೆಯಿಂದ ಎರಡು ಪರಿಣಾಮಗಳಾದವು. ಒಂದು, ಸಣ್ಣವನ ಕಥೆಯೂ ದೊಡ್ಡವನ ಕಥೆಯಷ್ಟೇ ತುಂಬಿಕೊಂಡಿತು. ನಾಲ್ಕು ಹಳ್ಳಿಯ ಕೌಂಟ್‌ಗೂ ಮಗಳ ಮದುವೆಯ ಚಿಂತೆಯಿದೆ, ಪಕ್ಕದ ಊರಿನವನ ಮೇಲೆ ಹಗೆಯಿದೆ. ಎರಡು, ಗೆಲುವಿನ ಗೆರೆ ಎಂಬುದೇ ಇಲ್ಲವಾಯಿತು. ಆಟ 1453ರವರೆಗೆ ಸಾಗುತ್ತದೆ, ಕೊನೆಗೆ ವಂಶದ ಕೀರ್ತಿ ಎಷ್ಟೆಂದು ಅಂಕ ಬೀಳುತ್ತದೆ, ಅಷ್ಟೇ. ಚದುರಂಗದಲ್ಲಿ ಇಬ್ಬರಿಗೂ ಹದಿನಾರು ಕಾಯಿಗಳು, ಇಬ್ಬರಿಗೂ ಒಂದೇ ಗುರಿ. ಇಲ್ಲಿ ಒಬ್ಬನಿಗೆ ಸಾಮ್ರಾಜ್ಯ, ಇನ್ನೊಬ್ಬನಿಗೆ ಒಂದು ಪಾಳು ಕೋಟೆ. ಗುರಿಯನ್ನು ಅವರವರೇ ಹಾಕಿಕೊಳ್ಳಬೇಕು. ಗುರಿ ನಮ್ಮದೇ ಎಂದಾದ ಮೇಲೆ, ಎಲ್ಲಿಂದ ಹೊರಡುತ್ತೇವೆ ಎಂಬುದೇ ಆಟದ ತೂಕವನ್ನು ನಿರ್ಧರಿಸುತ್ತದೆ. ಕಷ್ಟದ ದೊರೆಯನ್ನು ಹುಡುಕುವ ಹವ್ಯಾಸದ ಬೇರು ಇಲ್ಲಿದೆ.

ಭೂಪಟ ಬಿಚ್ಚಿಕೊಂಡ ಬಗೆ

ಆದರೆ ಮೊದಲ ಆಟದಲ್ಲಿ ಆಯ್ಕೆಗೆ ಬೇಲಿಯಿತ್ತು. ಕ್ರೈಸ್ತ ದೊರೆಗಳನ್ನು ಮಾತ್ರ ಆಡಿಸಬಹುದಿತ್ತು. ಹೆನ್ರಿಕ್ ಫೊರೇಯಸ್ ನೇತೃತ್ವದಲ್ಲಿ ರೂಪುಗೊಂಡು 2012ರ ಫೆಬ್ರುವರಿಯಲ್ಲಿ ಬಂದ ‘ಕ್ರುಸೇಡರ್ ಕಿಂಗ್ಸ್ 2’ ಕೂಡ ಆ ಬೇಲಿಯೊಳಗೇ ಹೊರಟಿತು. ಆಮೇಲೆ ಒಂದೊಂದೇ ಡಿಎಲ್‌ಸಿ (ಮೂಲ ಆಟಕ್ಕೆ ನಂತರ ಸೇರಿಸುವ ಹೆಚ್ಚುವರಿ ಕಂತು) ಅದನ್ನು ಕಿತ್ತುಹಾಕಿತು. ಅದೇ ವರ್ಷ ‘ಸ್ವೋರ್ಡ್ ಆಫ್ ಇಸ್ಲಾಂ’ ಮುಸ್ಲಿಂ ದೊರೆಗಳನ್ನು ತಂದಿತು. 2013ರ ‘ದಿ ಓಲ್ಡ್ ಗಾಡ್ಸ್’ ಕಾಲವನ್ನು 867ಕ್ಕೆ ಹಿಂದೆ ಸರಿಸಿ, ವೈಕಿಂಗರನ್ನೂ ಜರತುಷ್ಟ್ರ ಧರ್ಮದವರನ್ನೂ ಕಣಕ್ಕಿಳಿಸಿತು. ಅದೇ ವರ್ಷದ ‘ಸನ್ಸ್ ಆಫ್ ಏಬ್ರಹಾಂ’ ಯಹೂದಿ ದೊರೆಗಳಿಗೆ ಬಾಗಿಲು ತೆರೆಯಿತು. 2014ರ ಮಾರ್ಚ್‌ನಲ್ಲಿ ‘ರಾಜಾಸ್ ಆಫ್ ಇಂಡಿಯಾ’ ಭೂಪಟವನ್ನು ಬಂಗಾಳದವರೆಗೆ ಚಾಚಿ ಹಿಂದೂ, ಬೌದ್ಧ, ಜೈನ ಅರಸರನ್ನು ಸೇರಿಸಿತು.

ಬೇಲಿ ಸರಿದ ಹಾಗೆಲ್ಲ ಕಷ್ಟದ ಬಗೆಗಳೂ ಹೆಚ್ಚಿದವು. ಮೊದಲು ಕಷ್ಟವೆಂದರೆ ಸಣ್ಣ ನೆಲ, ಕಡಿಮೆ ದಂಡು ಎಂದಷ್ಟೇ ಅರ್ಥವಿತ್ತು. ಈಗ ಒಂಟಿ ಧರ್ಮ, ಒಂಟಿ ಭಾಷೆ, ಹೆಣ್ಣಿನ ಆಳ್ವಿಕೆಯನ್ನು ಒಪ್ಪದ ನೆರೆಹೊರೆ, ಅಣ್ಣತಮ್ಮಂದಿರ ನಡುವೆ ಹರಿದು ಹಂಚಿಹೋಗುವ ರಾಜ್ಯ ಎಲ್ಲವೂ ಕಷ್ಟದ ಪಟ್ಟಿಗೆ ಬಂದವು.

ಕಿರಿಯ ತಮ್ಮನ ಪಾಡು

ಹಂಚಿಹೋದ ರಾಜ್ಯಕ್ಕೆ ಸ್ಪೇನಿನ ಹಿಮೇನಾ ಸೋದರರಷ್ಟು ಒಳ್ಳೆಯ ಉದಾಹರಣೆ ಮತ್ತೊಂದಿಲ್ಲ. ಲಿಯೋನ್ ಮತ್ತು ಕಸ್ಟೀಲ್‌ಗಳ ದೊರೆ ಒಂದನೇ ಫರ್ಡಿನಾಂಡ್ 1065ರ ಡಿಸೆಂಬರ್‌ನಲ್ಲಿ ತೀರಿಕೊಂಡ. ಹಿರಿಯ ಸಾಂಚೋಗೆ ಕಸ್ಟೀಲ್, ನಡುವಿನ ಅಲ್ಫೋನ್ಸೋಗೆ ಲಿಯೋನ್, ಕಿರಿಯ ಗಾರ್ಸಿಯಾಗೆ ಗಲೀಸಿಯಾ ಪಾಲಿಗೆ ಬಂತು. ಮಗಳು ಉರ್ರಾಕಾಗೆ ಸಮೋರಾ ಕೋಟೆ. ಮೂವರೂ ದೊರೆಗಳೇ, ಆದರೆ ಮೂವರಿಗೂ ತಂದೆಯ ಪೂರ್ಣ ರಾಜ್ಯದ ಮೇಲೆಯೇ ಕಣ್ಣು.

1066ರ ಭೂಪಟದಲ್ಲಿ ಗಾರ್ಸಿಯಾನನ್ನು ಆರಿಸಿಕೊಂಡವನಿಗೆ ಪಶ್ಚಿಮದಲ್ಲಿ ಕಡಲು, ಪೂರ್ವದಲ್ಲಿ ಅಣ್ಣಂದಿರು, ದಕ್ಷಿಣದಲ್ಲಿ ಬಾದಾಹೋಸ್‌ನ ಮುಸ್ಲಿಂ ದೊರೆ. ಕಾಲಿಡಲು ಬೇರೆ ಜಾಗವಿಲ್ಲ. ಅಣ್ಣಂದಿರಿಬ್ಬರಿಗೂ ಅವನ ಕಿರೀಟದ ಮೇಲೆ ಹಕ್ಕಿದೆ. ಪಳಗಿದ ಆಟಗಾರ ಮೊದಲು ಯುದ್ಧಕ್ಕೆ ಹೋಗುವುದಿಲ್ಲ, ಹೆಣ್ಣು ಹುಡುಕುತ್ತಾನೆ. ಪಿರೆನೀಸ್ ಬೆಟ್ಟಗಳಾಚೆಯ ಬಲವಾದ ಮನೆತನದ ಸಂಬಂಧ ಬೆಳೆಸಿದರೆ ಅಣ್ಣಂದಿರು ಎರಡು ಸಲ ಯೋಚಿಸಿಯಾರು. ಆಮೇಲೆ ದಕ್ಷಿಣಕ್ಕೆ ದಂಡೆತ್ತಿ ನೆಲ ಬೆಳೆಸಿಕೊಳ್ಳಬೇಕು. ಅಣ್ಣಂದಿರು ತಮ್ಮತಮ್ಮಲ್ಲೇ ಕಾದಾಡಿ ಸೊರಗುವವರೆಗೆ ತಲೆ ತಗ್ಗಿಸಿಕೊಂಡಿರಬೇಕು. ಅಣ್ಣನೊಬ್ಬ ಮಕ್ಕಳಿಲ್ಲದೆ ಸತ್ತರೆ ಸಿಂಹಾಸನ ತಮ್ಮನ ಕಡೆಗೆ ಹೊರಳಬಹುದು. ಆ ಸಾವಿಗೆ ಕಾಯುವುದೋ, ಅದನ್ನು ತಾನೇ ಬರಿಸುವುದೋ ಎಂಬ ಪ್ರಶ್ನೆಯನ್ನು ಆಟ ಆಟಗಾರನ ಮನಸ್ಸಾಕ್ಷಿಗೆ ಬಿಡುತ್ತದೆ.

ಇತಿಹಾಸದ ಗಾರ್ಸಿಯಾಗೆ ಈ ಯಾವ ದಾರಿಯೂ ಸಿಗಲಿಲ್ಲ. 1071ರಲ್ಲಿ ಅವನು ತನ್ನದೇ ಸಾಮಂತ, ಪೋರ್ಚುಗಲ್ಲಿನ ಕೌಂಟ್ ನುನೊ ಮೆಂಡೆಸ್‌ನ ದಂಗೆಯನ್ನು ಅಡಗಿಸಿದ. ಅದೇ ವರ್ಷ ಅಣ್ಣಂದಿರು ಅವನ ರಾಜ್ಯವನ್ನು ಕಿತ್ತುಕೊಂಡರು. 1072ರಲ್ಲಿ ಸಾಂಚೋ ಸಮೋರಾ ಕೋಟೆಯ ಹೊರಗೆ ಕೊಲೆಯಾದ, ಮಕ್ಕಳಿರಲಿಲ್ಲ. ಎಲ್ಲವೂ ಅಲ್ಫೋನ್ಸೋ ಪಾಲಾಯಿತು. ಮರುವರ್ಷ ಅವನು ಗಾರ್ಸಿಯಾನನ್ನು ಮಾತುಕತೆಗೆಂದು ಕರೆಸಿ ಸೆರೆಗೆ ಹಾಕಿದ. 1090ರಲ್ಲಿ ಸಾಯುವವರೆಗೂ ತಮ್ಮ ಹೊರಗೆ ಬರಲಿಲ್ಲ. ಅಲ್ಫೋನ್ಸೋ 1085ರಲ್ಲಿ ಟೊಲೆಡೊ ಗೆದ್ದು ಪಠ್ಯಪುಸ್ತಕ ಸೇರಿದ. ಗಾರ್ಸಿಯಾ ಅಡಿಟಿಪ್ಪಣಿಯಾದ. ಅವನನ್ನು ಆಡಿಸಿದ ಮೇಲೆ ಆ ಅಡಿಟಿಪ್ಪಣಿಯನ್ನು ಯಾರೂ ಹಗುರವಾಗಿ ದಾಟಿ ಹೋಗಲಾರರು.

ಒಂಟಿ ದೀಪಗಳು

ಆಟದ 867ರ ಇರಾನಿನಲ್ಲಿ ಇನ್ನೊಂದು ಬಗೆಯ ಕಷ್ಟವಿದೆ. ಸಸಾನಿಯನ್ ದೊರೆ ಮೂರನೇ ಯಜ್ದಗರ್ದ್ 651ರಲ್ಲಿ ಕೊಲೆಯಾಗಿ ಎರಡು ಶತಮಾನಗಳು ಕಳೆದಿವೆ. ಹಳೆಯ ಏಳು ಮಹಾ ಮನೆತನಗಳಲ್ಲಿ ಒಂದಾದ ಕಾರೇನ್ ಮನೆತನದ ಒಬ್ಬ ಪುಟ್ಟ ದೊರೆ ಆಗಲೂ ಜರತುಷ್ಟ್ರ ಧರ್ಮವನ್ನು ಹಿಡಿದುಕೊಂಡು ಕಾಸ್ಪಿಯನ್ ಕಡಲಿನ ದಕ್ಷಿಣಕ್ಕೆ ಕುಳಿತಿದ್ದಾನೆ. ಅದೇ ಮನೆತನದ ಮಾಜಿಯಾರ್ ಅಬ್ಬಾಸಿದ್ ಖಲೀಫನ ವಿರುದ್ಧ ದಂಗೆಯೆದ್ದು 840ರಲ್ಲಿ ಸಮರ್ರಾದಲ್ಲಿ ಪ್ರಾಣ ತೆತ್ತ ನೆನಪು ಇನ್ನೂ ಹಸಿಯಾಗಿರುವ ಕಾಲ.

ಈ ಆಟದಲ್ಲಿ ಬೇರೆ ಧರ್ಮದ ನೆರೆಯವನ ಮೇಲೆ ಯುದ್ಧ ಸಾರಲು ಹಕ್ಕುಪತ್ರ ಬೇಕಿಲ್ಲ, ಧರ್ಮದ ಹೆಸರೇ ಸಾಕು. ಹಾಗಾಗಿ ಕಾರೇನ್ ದೊರೆಯ ಸುತ್ತ ಇರುವವರೆಲ್ಲರಿಗೂ ಅವನನ್ನು ನುಂಗಲು ನೆಪ ಸಿದ್ಧ. ಹೆಣ್ಣು ಕೊಟ್ಟು ತಂದು ಸಂಬಂಧ ಬೆಳೆಸೋಣವೆಂದರೆ ತನ್ನ ಧರ್ಮದ ಮನೆತನಗಳು ಬಹಳ ವಿರಳ. ಇಥಿಯೋಪಿಯದ ಸಿಮಿಯನ್ ಬೆಟ್ಟಗಳ ಯಹೂದಿ ದೊರೆಯದೂ ಇದೇ ಸ್ಥಿತಿ. ಇಂಥವರನ್ನು ಆಡಿಸುವಾಗ ಪ್ರತಿ ವರ್ಷ ಉಳಿದುಕೊಳ್ಳುವುದೇ ಒಂದು ಗೆಲುವು.

ಹಠಕ್ಕೆ ಸಿಕ್ಕ ಮುದ್ರೆ

ಹವ್ಯಾಸವನ್ನು ಹಠವಾಗಿಸಿದ್ದು ಎರಡು ಏರ್ಪಾಡುಗಳು. ಮೊದಲನೆಯದು ‘ಐರನ್‌ಮ್ಯಾನ್’. ಈ ಬಗೆಯಲ್ಲಿ ಆಡಿದರೆ ಹಿಂದಿನ ಹಂತಕ್ಕೆ ಮರಳುವಂತಿಲ್ಲ. ಮಗ ಯುದ್ಧದಲ್ಲಿ ಸತ್ತರೆ ಸತ್ತಂತೆಯೇ, ತಪ್ಪಿದ ನಡೆ ತಪ್ಪಿದಂತೆಯೇ. ಎರಡನೆಯದು ಸಾಧನೆಯ ಪದಕಗಳು. ಅವುಗಳಲ್ಲಿ ಕೆಲವನ್ನು ಗೊತ್ತಾದ ದೊರೆಯಿಂದಲೇ ಹೊರಟು ಗಳಿಸಬೇಕು.

ಮೂರನೇ ಆಟದ ‘ಮದರ್ ಆಫ್ ಅಸ್ ಆಲ್’ ಎಂಬ ಪದಕ ಅಂಥದ್ದು. 867ರಲ್ಲಿ ದೌರಮಾ ಎಂಬ ರಾಣಿಯಾಗಿ ಹೊರಟು, ಆಫ್ರಿಕದ ಒಂದು ಮೂಲಧರ್ಮವನ್ನು ಸುಧಾರಿಸಿ, ಇಡೀ ಆಫ್ರಿಕವನ್ನು ಅದಕ್ಕೆ ತರಬೇಕು. ಈಗಿನ ನೈಜೀರಿಯದ ಉತ್ತರದಲ್ಲಿರುವ ದೌರಾ ಪಟ್ಟಣದ ಹೌಸಾ ಜನ ಇಂದಿಗೂ ಆ ರಾಣಿಯ ಐತಿಹ್ಯ ಹೇಳುತ್ತಾರೆ. ಊರ ಬಾವಿಯಲ್ಲಿದ್ದ ಸರ್ಪವನ್ನು ಕೊಂದ ಪರದೇಶಿ ಬಯಾಜಿದ್ದಾನನ್ನು ಅವಳು ಮದುವೆಯಾದಳು, ಅವರ ಸಂತತಿಯೇ ಹೌಸಾ ರಾಜ್ಯಗಳನ್ನು ಕಟ್ಟಿತು ಎಂಬುದು ಕಥೆ. ಆಫ್ರಿಕದ ಭೂಪಟದಲ್ಲಿ ದೌರಾ ಎಲ್ಲಿದೆಯೆಂದು ತಿಳಿಯದ ಸಾವಿರಾರು ಮಂದಿಗೆ ಒಂದು ಪದಕ ಆ ಊರನ್ನು ತೋರಿಸಿಕೊಟ್ಟಿತು.

2020ರ ಸೆಪ್ಟೆಂಬರ್ 1ರಂದು ಮೂರನೇ ಆಟ ಬಂದಾಗ ಈ ಹುಡುಕಾಟ ಆಟದೊಳಗೇ ಜಾಗ ಪಡೆದಿತ್ತು. ಆರಂಭದ ಪರದೆಯಲ್ಲಿ ತೋರಿಸುವ ದೊರೆಗಳ ಪಕ್ಕದಲ್ಲಿ ಸುಲಭ, ಕಠಿಣ ಎಂಬಂಥ ಗುರುತುಗಳಿವೆ. 2024ರ ಸೆಪ್ಟೆಂಬರ್‌ನಲ್ಲಿ ಬಂದ ‘ರೋಡ್ಸ್ ಟು ಪವರ್’ ಇನ್ನೊಂದು ಹೆಜ್ಜೆ ಮುಂದಿಟ್ಟಿತು. ಒಂದಂಗುಲ ನೆಲವೂ ಇಲ್ಲದೆ, ಹಿಂಬಾಲಕರ ಗುಂಪಿನೊಂದಿಗೆ ಊರೂರು ಅಲೆಯುವ ಸಾಹಸಿಯನ್ನೂ ಈಗ ಆಡಿಸಬಹುದು. ರಾಜ್ಯ ಕಳೆದುಕೊಂಡವನ ಕಥೆ ಮೊದಲು ಅಲ್ಲಿಗೇ ಮುಗಿಯುತ್ತಿತ್ತು. ಈಗ ಅಲ್ಲಿಂದಲೂ ಹೊರಡಬಹುದು.

ನಮ್ಮ ನೆಲದಲ್ಲಿ

ಆಟದ ಈ ದಿನಾಂಕಗಳಿಗೆ ಕರ್ನಾಟಕವನ್ನು ಹೊಂದಿಸಿ ನೋಡಿದರೆ ಕನ್ನಡದ ಓದುಗನಿಗೆ ಎದೆ ತುಂಬಿಬರುತ್ತದೆ. 867ರಲ್ಲಿ ಮಾನ್ಯಖೇಟದ ಸಿಂಹಾಸನದ ಮೇಲೆ ಅಮೋಘವರ್ಷ ನೃಪತುಂಗ. ಆ ಹೊತ್ತಿಗೆ ರಾಷ್ಟ್ರಕೂಟರು ಬಲಿಷ್ಠರು, ಆಡಿಸುವವನಿಗೆ ದೊಡ್ಡ ಕಷ್ಟವಿಲ್ಲ. ಆದರೆ ಅವನ ನಿಜವಾದ ಆರಂಭ 814ರಲ್ಲಿ. ಮೂರನೇ ಗೋವಿಂದ ತೀರಿಕೊಂಡಾಗ ಮಗ ಇನ್ನೂ ಹುಡುಗ. ಸಾಮಂತರು ತಿರುಗಿಬಿದ್ದರು. ಗುಜರಾತಿನ ಶಾಖೆಯ ಬಂಧು ಕರ್ಕ ಬೆನ್ನಿಗೆ ನಿಂತು 821ರ ಹೊತ್ತಿಗೆ ಪಟ್ಟವನ್ನು ಉಳಿಸಿಕೊಟ್ಟ. ಗಂಗರ ಜೊತೆಗಿನ ದೀರ್ಘ ಹಗೆಯನ್ನು ಅಮೋಘವರ್ಷ ಮುಗಿಸಿದ್ದು ಮಗಳು ಚಂದ್ರೊಬ್ಬಲಬ್ಬೆಯನ್ನು ಗಂಗರ ಬೂತುಗನಿಗೆ ಕೊಟ್ಟು. ಆರು ದಶಕಗಳಿಗೂ ಮೀರಿದ ಆಳ್ವಿಕೆ, ‘ಕವಿರಾಜಮಾರ್ಗ’ದಂಥ ಕೃತಿ ಎಲ್ಲವೂ ಆ ಮುಗ್ಗರಿಸಿದ ಆರಂಭದ ನಂತರ ಬಂದವು.

1066ರಲ್ಲಿ ಕಲ್ಯಾಣದಲ್ಲಿ ಚಾಲುಕ್ಯ ಒಂದನೇ ಸೋಮೇಶ್ವರ. ಅವನ ಎರಡನೇ ಮಗ ವಿಕ್ರಮಾದಿತ್ಯನಿಗೆ ಪಟ್ಟದ ಸರದಿಯೇ ಇರಲಿಲ್ಲ. 1076ರಲ್ಲಿ ಅಣ್ಣನನ್ನು ಇಳಿಸಿ ಪಟ್ಟವೇರಿ, ತನ್ನ ಹೆಸರಿನ ಶಕೆಯನ್ನೇ ಆರಂಭಿಸಿದ. ಅದೇ ಹೊತ್ತಿನಲ್ಲಿ ಮಲೆನಾಡಿನ ಸೊಸೆವೂರಿನಿಂದ ಬೆಳೆದುಬಂದ ಹೊಯ್ಸಳ ವಿನಯಾದಿತ್ಯ ಚಾಲುಕ್ಯರ ಸಾಮಂತ. ಅವನ ಮೊಮ್ಮಗ ವಿಷ್ಣುವರ್ಧನ 1116ರಲ್ಲಿ ಚೋಳರಿಂದ ತಲಕಾಡನ್ನು ಗೆದ್ದ. ವಿಷ್ಣುವರ್ಧನನ ಮೊಮ್ಮಗ ವೀರಬಲ್ಲಾಳ ಸ್ವತಂತ್ರ ಚಕ್ರವರ್ತಿಯಾಗಿ ಮೆರೆದ. ಸಣ್ಣ ಸಾಮಂತನೊಬ್ಬನ ಮನೆತನ ಐದು ತಲೆಮಾರುಗಳಲ್ಲಿ ಸಾಮ್ರಾಜ್ಯ ಕಟ್ಟುವುದು ಆಟಗಾರರ ಬರಿಯ ಕಲ್ಪನೆಯಲ್ಲ ಎಂಬುದಕ್ಕೆ ಹೊಯ್ಸಳರೇ ಸಾಕ್ಷಿ.

ಕಷ್ಟದ ದೊರೆಯನ್ನು ಆರಿಸಿಕೊಳ್ಳುವುದು ಬರಿಯ ಜಾಣ್ಮೆಯ ಪ್ರದರ್ಶನ ಎಂದು ನನಗೆ ಅನ್ನಿಸುವುದಿಲ್ಲ. ಶಾಲೆಯಲ್ಲಿ ನಾವು ಓದಿದ ಇತಿಹಾಸ ಹೆಚ್ಚಾಗಿ ಗೆದ್ದವರ ಪಟ್ಟಿ. ಸೋತವನ ಜಾಗದಲ್ಲಿ ಕುಳಿತು, ಅವನಿಗಿದ್ದ ಹಣ, ದಂಡು, ನೆಂಟಸ್ತಿಕೆಗಳಷ್ಟನ್ನೇ ಕೈಯಲ್ಲಿ ಹಿಡಿದು ಯೋಚಿಸಿದಾಗ, ನಡೆದದ್ದು ಹಾಗೆಯೇ ನಡೆಯಬೇಕಾಗಿತ್ತು ಎಂಬ ನಂಬಿಕೆ ಸಡಿಲವಾಗುತ್ತದೆ. ಇತಿಹಾಸವನ್ನು ಪ್ರೀತಿಸಲು ಇದಕ್ಕಿಂತ ಒಳ್ಳೆಯ ದಾರಿ ಕಡಿಮೆ.

ಆದ್ದರಿಂದ ಹೊಸಬರಿಗೆ ನನ್ನದೊಂದು ಮಾತು. ಆಟದ ಪಾಠಗಳನ್ನು ಐರ್ಲೆಂಡಿನ ಮನ್‌ಸ್ಟರ್‌ನಲ್ಲಿ, ಅಲ್ಲಿನ ಹೆಸರಾಂತ ದೊರೆ ಬ್ರಯಾನ್ ಬೋರುವಿನ ಮೊಮ್ಮಗನಾಗಿ ಕಲಿಯಿರಿ. ಅಲ್ಲಿ ತಪ್ಪಿದರೂ ಪೆಟ್ಟು ಸಣ್ಣದು. ಕೈ ಪಳಗಿದ ಮೇಲೆ ಗಾರ್ಸಿಯಾನನ್ನು ಆರಿಸಿಕೊಳ್ಳಿ, ಆಮೇಲೆ ಕಾರೇನ್ ದೊರೆಯನ್ನು. ಪ್ರತಿ ಆಟ ಮುಗಿದಾಗ ಆ ದೊರೆಯ ನಿಜವಾದ ಬದುಕಿನ ಬಗ್ಗೆ ಒಂದು ಒಳ್ಳೆಯ ಪುಸ್ತಕವನ್ನು ಹುಡುಕಿ ಓದಿ.