ಚರ್ಮದ ರಚನೆ ಮತ್ತು ಹುಳುಕಡ್ಡಿಯ ಬಾಧೆ

ಮಾನವ ಶರೀರದ ಅವಯವಗಳಲ್ಲೆಲ್ಲ ಅತ್ಯಂತ ವಿಸ್ತಾರವಾದುದು ಚರ್ಮ. ವಯಸ್ಕನೊಬ್ಬನ ಚರ್ಮವು ಸುಮಾರು ಒಂದೂವರೆಯಿಂದ ಎರಡು ಚದರ ಮೀಟರುಗಳಷ್ಟಿರುತ್ತದೆ. ಶಾಖ, ಶೈತ್ಯ, ಸ್ಪರ್ಶ, ನೋವುಗಳನ್ನು ಮಿದುಳಿಗೆ ತಿಳಿಸುವುದು, ಬೆವರಿನ ಮೂಲಕ ಮೈಯ ಉಷ್ಣತೆಯನ್ನು ಹದದಲ್ಲಿಡುವುದು, ರೋಗಾಣುಗಳನ್ನು ಹೊರಗೇ ತಡೆಯುವುದು ಇವೆಲ್ಲ ಅದರ ಕಾರ್ಯಗಳು. ಇಷ್ಟಾದರೂ ಚರ್ಮಕ್ಕೆ ತಗಲಿದ ರೋಗವನ್ನು ರೋಗವೆಂದೇ ಎಣಿಸದೆ, ಔಷಧದ ಅಂಗಡಿಯಲ್ಲಿ ಸಿಕ್ಕಿದ ಮುಲಾಮನ್ನು ಹಚ್ಚಿ ಸುಮ್ಮನಾಗುವವರು ಬಹಳ. ಹುಳುಕಡ್ಡಿಯ ವಿಷಯದಲ್ಲಂತೂ ಈ ಉದಾಸೀನವು ಇತ್ತೀಚಿನ ವರ್ಷಗಳಲ್ಲಿ ಭಾರತದಾದ್ಯಂತ ದೊಡ್ಡ ತೊಡಕನ್ನೇ ತಂದೊಡ್ಡಿದೆ. ಅದು ಹೇಗೆಂಬುದನ್ನು ಅರಿಯಲು ಚರ್ಮದ ರಚನೆಯನ್ನು ಮೊದಲು ತಿಳಿಯಬೇಕು.

ಚರ್ಮದಲ್ಲಿ ಹೊರಚರ್ಮ, ಒಳಚರ್ಮಗಳೆಂಬ ಎರಡು ಮುಖ್ಯ ಪದರಗಳುಂಟು. ಇವುಗಳ ಕೆಳಗೆ ಕೊಬ್ಬಿನ ಹಾಸು. ಹೊರಚರ್ಮವು ಕಣ್ಣೆವೆಯಲ್ಲಿ ಕಾಗದಕ್ಕಿಂತಲೂ ತೆಳುವಾಗಿ, ಅಂಗಾಲಿನಲ್ಲಿ ಒಂದು ಮಿಲಿಮೀಟರಿಗೂ ಮೀರಿ ದಪ್ಪವಾಗಿ ಇರುತ್ತದೆ. ಇದರಲ್ಲಿ ರಕ್ತನಾಳಗಳಿಲ್ಲ. ಇದರ ತಳದಲ್ಲಿರುವ ಜೀವಕೋಶಗಳು ಸದಾ ಇಬ್ಭಾಗವಾಗುತ್ತ ಹೊಸ ಕೋಶಗಳನ್ನು ಹುಟ್ಟಿಸುತ್ತವೆ. ಹೊಸತು ಹುಟ್ಟಿದಂತೆ ಹಳತು ಮೇಲಕ್ಕೆ ಸರಿದು, ಕ್ರಮೇಣ ಚಪ್ಪಟೆಯಾಗಿ, ಕೆರಾಟಿನ್ ಎಂಬ ಗಟ್ಟಿ ಪ್ರೋಟೀನು ತುಂಬಿದ ನಿರ್ಜೀವ ಹಕ್ಕಳೆಯಾಗುತ್ತದೆ. ಉಗುರು, ಕೂದಲುಗಳ ದ್ರವ್ಯವೂ ಇದೇ. ಎಲ್ಲಕ್ಕೂ ಮೇಲಿರುವ ಈ ಹಕ್ಕಳೆಗಳ ಸಾಲನ್ನು ಕೊಂಬಿನ ಪದರವೆನ್ನಬಹುದು. ತಳದಲ್ಲಿ ಹುಟ್ಟಿದ ಕೋಶವು ಹಕ್ಕಳೆಯಾಗಿ ಉದುರಿಹೋಗಲು ಸುಮಾರು ನಾಲ್ಕರಿಂದ ಆರು ವಾರಗಳು ಹಿಡಿಯುತ್ತವೆ. ಈ ಅವಧಿಯನ್ನು ನೆನಪಿನಲ್ಲಿಡುವುದು ಒಳಿತು. ಮೈಬಣ್ಣಕ್ಕೆ ಕಾರಣವಾದ ಮೆಲನಿನ್ ಎಂಬ ದ್ರವ್ಯವನ್ನು ತಯಾರಿಸುವ ಕೋಶಗಳಿರುವುದೂ ಈ ತಳದಲ್ಲಿಯೇ. ಅವುಗಳ ಸಂಖ್ಯೆ ಕಪ್ಪು ಮೈಯವರಲ್ಲಿಯೂ ಬಿಳಿ ಮೈಯವರಲ್ಲಿಯೂ ಹೆಚ್ಚುಕಡಿಮೆ ಒಂದೇ ಎಂಬುದನ್ನು, ಬಣ್ಣದ ಹೆಮ್ಮೆಯುಳ್ಳವರು ಗಮನಿಸತಕ್ಕದ್ದು. ಒಳಚರ್ಮದಲ್ಲಿ ರಕ್ತನಾಳ, ನರ, ಬೆವರಿನ ಗ್ರಂಥಿ, ಕೂದಲಿನ ಬೇರುಗಳಿವೆ. ಚರ್ಮಕ್ಕೆ ಬಿಗಿಯನ್ನು ಕೊಡುವ ಕೊಲಾಜೆನ್ ಎಳೆಗಳ ಹೆಣಿಗೆಯೂ ಅಲ್ಲಿಯೇ ಇದೆ.

ಹೆಸರಿನಲ್ಲಿ ಹುಳುವಿದ್ದರೂ ಹುಳುಕಡ್ಡಿಗೆ ಕಾರಣ ಹುಳುವಲ್ಲ, ಬೂಷ್ಟಿನ ಜಾತಿಗೆ ಸೇರಿದ ಶಿಲೀಂಧ್ರ. ಇದನ್ನು ಗಜಕರ್ಣವೆಂದೂ ಕರೆಯುತ್ತಾರೆ. ಮರಾಠಿಯಲ್ಲಿಯೂ ಇದೇ ಹೆಸರು. ಹಿಂದಿಯವರು ದಾದ್ ಎನ್ನುವುದು ಈ ರೋಗವನ್ನೇ. ಕನ್ನಡಿಗರಾದರೋ ಮೈಮೇಲೆ ಏಳುವ ಬೇರೆ ಬೇರೆ ಬಗೆಯ ಗುಳ್ಳೆಗಳನ್ನೂ ದದ್ದು ಎನ್ನುವುದುಂಟಾದ್ದರಿಂದ, ಹಿಂದಿ ಮಾತನಾಡುವ ವೈದ್ಯರ ಮುಂದೆ ಎಚ್ಚರದಿಂದ ಹೇಳಬೇಕು. ಈ ಶಿಲೀಂಧ್ರಕ್ಕೆ ಆಹಾರ ಕೆರಾಟಿನ್. ಆದುದರಿಂದ ಅದು ಸಾಮಾನ್ಯವಾಗಿ ಸಜೀವ ಪದರಗಳಿಗೆ ಇಳಿಯದೆ ನಿರ್ಜೀವವಾದ ಕೊಂಬಿನ ಪದರದಲ್ಲಿಯೇ ನೆಲೆಸುತ್ತದೆ. ತೇವ ಮತ್ತು ಬೆವರು ಅದಕ್ಕೆ ಪ್ರಿಯ. ಮುಂಬಯಿಯ ಮಳೆಗಾಲದಲ್ಲಿ ಒಣಗದ ಬಟ್ಟೆ, ಹೋಟೆಲಿನ ಅಡಿಗೆಮನೆಯ ಸೆಕೆ, ಒಂದೇ ಕೋಣೆಯಲ್ಲಿ ಹಲವರ ವಾಸ, ಒಬ್ಬರ ಟವೆಲಿನಿಂದ ಮತ್ತೊಬ್ಬರು ಮೈಯೊರೆಸುವ ರೂಢಿ ಇವೆಲ್ಲ ಅದಕ್ಕೆ ಹಬ್ಬವಿದ್ದಂತೆ. ತೊಡೆಸಂದು, ಸೊಂಟ, ಕಂಕುಳುಗಳಲ್ಲಿ ಅದು ಹೆಚ್ಚಾಗಿ ಕಾಣಿಸಿಕೊಳ್ಳುತ್ತದೆ.

ಶಿಲೀಂಧ್ರವು ನೆಲೆಸಿದೊಡನೆ ದೇಹವು ಪ್ರತಿಭಟಿಸುತ್ತದೆ. ರಕ್ತವು ಆ ಜಾಗಕ್ಕೆ ನುಗ್ಗಿ ಚರ್ಮವು ಕೆಂಪೇರುತ್ತದೆ, ತುರಿಕೆ ಹುಟ್ಟುತ್ತದೆ, ಹಕ್ಕಳೆಗಳು ಬೇಗ ಬೇಗನೆ ಉದುರುತ್ತವೆ. ನಡುವೆ ಶಿಲೀಂಧ್ರವು ಕಡಿಮೆಯಾಗಿ ಅಂಚಿನಲ್ಲಿ ಹರಡುತ್ತ ಹೋಗುವುದರಿಂದ ಮಚ್ಚೆಯು ಬಳೆಯಾಕಾರವನ್ನು ತಾಳುತ್ತದೆ. ಅಂದರೆ ಕೆಂಪೂ ತುರಿಕೆಯೂ ದೇಹವು ನಡೆಸುತ್ತಿರುವ ಹೋರಾಟದ ಗುರುತುಗಳು.

ಮುಲಾಮಿನ ಅಪಾಯವಿರುವುದು ಇಲ್ಲಿಯೇ. 1952ರಲ್ಲಿ ಹೈಡ್ರೋಕಾರ್ಟಿಸೋನನ್ನು ಚರ್ಮಕ್ಕೆ ಹಚ್ಚಿ ಗುಣ ಕಂಡಂದಿನಿಂದ ಸ್ಟಿರಾಯ್ಡ್ ಮುಲಾಮುಗಳು ಇಸುಬು ಮೊದಲಾದ ಎಷ್ಟೋ ರೋಗಗಳಲ್ಲಿ ಉಪಕಾರ ಮಾಡಿವೆ. ಆದರೆ ಅವು ಶಿಲೀಂಧ್ರವನ್ನು ಕೊಲ್ಲಲಾರವು; ದೇಹದ ಪ್ರತಿಭಟನೆಯನ್ನಷ್ಟೇ ಅಡಗಿಸುತ್ತವೆ. ಸ್ಟಿರಾಯ್ಡನ್ನೂ ಶಿಲೀಂಧ್ರನಾಶಕವನ್ನೂ ಬ್ಯಾಕ್ಟೀರಿಯಾನಾಶಕವನ್ನೂ ಬೆರೆಸಿದ ಅಗ್ಗದ ಟ್ಯೂಬುಗಳು ನಮ್ಮ ದೇಶದಲ್ಲಿ ಹೇರಳವಾಗಿವೆ. ಹಚ್ಚಿದ ಎರಡು ಮೂರು ದಿನಗಳಲ್ಲಿಯೇ ತುರಿಕೆ ನಿಲ್ಲುತ್ತದೆ. ರೋಗ ಹೋಯಿತೆಂದು ಟ್ಯೂಬನ್ನು ಮೂಲೆಗಿಡುತ್ತಾರೆ. ಶಿಲೀಂಧ್ರವೋ, ಕಾವಲಿಲ್ಲದ ಮನೆಯಲ್ಲಿ ಕಳ್ಳನಂತೆ, ನಿರಾತಂಕವಾಗಿ ಹಬ್ಬುತ್ತದೆ. ಬಳೆಯಾಕಾರವೂ ಅಳಿಸಿಹೋಗಿ ವೈದ್ಯರೂ ಗುರುತಿಸಲಾರದಂತಾಗುವ ಈ ಸ್ಥಿತಿಗೆ 1968ರಲ್ಲಿಯೇ ಬ್ರಿಟನ್ನಿನ ಇಬ್ಬರು ವೈದ್ಯರು ಟಿನಿಯಾ ಇನ್‌ಕಾಗ್ನಿಟೋ, ಎಂದರೆ ವೇಷ ಮರೆಸಿದ ಹುಳುಕಡ್ಡಿ, ಎಂದು ಹೆಸರಿಟ್ಟರು. ಬಳಕೆ ತಿಂಗಳುಗಟ್ಟಲೆ ಮುಂದುವರಿದರೆ ಕೊಲಾಜೆನ್ ಎಳೆಗಳು ಸವೆದು ಚರ್ಮವು ತೆಳುವಾಗುತ್ತದೆ. ತೊಡೆಸಂದಿನಲ್ಲಿ ಬೀಳುವ ಪಟ್ಟೆಗಳು ರೋಗವು ಗುಣವಾದ ಮೇಲೂ ಮಾಯುವುದಿಲ್ಲ. 2018ರಲ್ಲಿ ಸರ್ಕಾರವು ಇಂತಹ ಹಲವು ಸ್ಟಿರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿಯಿದ್ದರೆ ಮಾತ್ರ ಮಾರತಕ್ಕ ಔಷಧಗಳ ಪಟ್ಟಿಗೆ ಸೇರಿಸಿತು. ಚೀಟಿಯನ್ನು ಕೇಳುವ ಅಂಗಡಿಗಳು ಎಷ್ಟಿವೆಯೆಂಬುದು ಬೇರೆ ಮಾತು. ಇದರ ಜೊತೆಗೆ ಟ್ರೈಕೋಫೈಟನ್ ಇಂಡೋಟಿನಿಯೇ ಎಂಬ ಶಿಲೀಂಧ್ರವನ್ನು 2020ರಲ್ಲಿ ಜಪಾನಿನ ಸಂಶೋಧಕರು ವರ್ಣಿಸಿದರು. ಹೆಸರಿನಲ್ಲಿಯೇ ಭಾರತವಿದೆ. ಟರ್ಬಿನಾಫಿನ್ ಎಂಬ ಮುಖ್ಯ ಔಷಧಕ್ಕೆ ಇದು ಅನೇಕ ವೇಳೆ ಬಗ್ಗುವುದಿಲ್ಲ.

ವೈದ್ಯರು ಮಚ್ಚೆಯ ಅಂಚಿನಿಂದ ಹಕ್ಕಳೆಯನ್ನು ಕೆರೆದು, ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣದಲ್ಲಿ ನೆನೆಸಿ, ಸೂಕ್ಷ್ಮದರ್ಶಕದಲ್ಲಿ ನೋಡಿ ಶಿಲೀಂಧ್ರದ ಎಳೆಗಳನ್ನು ಗುರುತಿಸುತ್ತಾರೆ. ಔಷಧವನ್ನು ಮಚ್ಚೆಗೆ ಮಾತ್ರವಲ್ಲದೆ ಅಂಚಿನಾಚೆ ಎರಡು ಸೆಂಟಿಮೀಟರಿನವರೆಗೂ ಹಚ್ಚಬೇಕು. ರೋಗವು ಹರಡಿದ್ದರೆ ಗುಳಿಗೆಗಳೂ ಬೇಕಾಗುತ್ತವೆ. ಚಿಕಿತ್ಸೆಯು ವಾರಗಟ್ಟಲೆ ನಡೆಯಬೇಕಾದುದೇಕೆಂಬುದು ಈಗ ಸ್ಪಷ್ಟ: ಶಿಲೀಂಧ್ರವು ಹೊಕ್ಕ ಹಕ್ಕಳೆಗಳೆಲ್ಲ ಉದುರಿ, ಶುದ್ಧವಾದ ಕೊಂಬಿನ ಪದರವು ತಳದಿಂದ ಮೇಲಕ್ಕೆ ಬರುವವರೆಗೆ ಔಷಧದ ಕಾವಲು ಇರಬೇಕು. ಮನೆಯಲ್ಲಿ ಇನ್ನೊಬ್ಬರಿಗೆ ರೋಗವಿದ್ದರೆ ಅವರಿಗೂ ಜೊತೆಯಲ್ಲಿಯೇ ಚಿಕಿತ್ಸೆಯಾಗಬೇಕು. ಬಟ್ಟೆಗಳನ್ನು ಬಿಸಿನೀರಿನಲ್ಲಿ ಬೇರೆಯಾಗಿ ಒಗೆದು, ಬಿಸಿಲಿಲ್ಲದ ದಿನಗಳಲ್ಲಿ ಇಸ್ತ್ರಿ ಹಾಕಿಯಾದರೂ ಒಣಗಿಸಬೇಕು.

ತುರಿಸುವುದೆಲ್ಲ ಹುಳುಕಡ್ಡಿಯಲ್ಲ. ರಾತ್ರಿ ಹೆಚ್ಚಾಗುವ, ಬೆರಳ ಸಂದುಗಳಿಂದ ತೊಡಗಿ ಮನೆಮಂದಿಗೆಲ್ಲ ಹಬ್ಬುವ ತುರಿಕೆಯು ಬಹುಶಃ ಕಜ್ಜಿ. ಅದರಲ್ಲಿ ಮಾತ್ರ ನಿಜವಾಗಿಯೂ ಅತಿಸೂಕ್ಷ್ಮವಾದ ಕ್ರಿಮಿಯೊಂದು ಕೊಂಬಿನ ಪದರದಲ್ಲಿ ಬಿಲ ತೋಡುತ್ತದೆ. ಇನ್ನು ತುರಿಸದೆ, ನೋಯದೆ, ಬಣ್ಣ ಮಾಸಿ, ಮುಟ್ಟಿದರೆ ಸ್ಪರ್ಶಜ್ಞಾನವೇ ಇಲ್ಲದ ಮಚ್ಚೆಯೊಂದು ಕಾಣಿಸಿಕೊಂಡರೆ, ಬಾಧೆಯಿಲ್ಲವೆಂದು ಮುಲಾಮು ಹಚ್ಚಿ ಕಾಯುತ್ತ ಕೂರಬಾರದು. ಅದು ಕುಷ್ಠವಿರಬಹುದು. ಒಳಚರ್ಮದ ನರಗಳಿಗೆ ಆಗುವ ಹಾನಿಯು ತಡವಾದಷ್ಟೂ ಸರಿಪಡಿಸಲಾಗದಂತಾಗುತ್ತದೆ. ಇದರ ಬಹುಔಷಧ ಚಿಕಿತ್ಸೆಯು ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತವಾಗಿ ದೊರೆಯುತ್ತದೆ. ರೋಗದ ಬಗೆಯನ್ನನುಸರಿಸಿ ಆರು ಅಥವಾ ಹನ್ನೆರಡು ತಿಂಗಳಲ್ಲಿ ಮುಗಿಯುತ್ತದೆ.